ಕಬ್ಬಿನಡಿ ಕಲಿತ ಸ್ಪ್ಯಾನಿಷ್

ಸಂಜೆ ನಾಲ್ಕು ಇಪ್ಪತ್ತಕ್ಕೆ, ನಮ್ಮ ಬಸ್ಸು ಯರಗಟ್ಟಿ ದಾಟಿದ ಮೇಲೆ, ಎದುರಿಗೆ ಬರುತ್ತಿದ್ದ ಕಬ್ಬಿನ ಟ್ರೇಲರ್ ವಾಲತೊಡಗಿತು. ಆಗ ನನ್ನ ಕಿವಿಯ ಇಯರ್‌ಫೋನಿನಲ್ಲಿ ಯಾರೋ ಹೆಣ್ಣುಮಗಳು ಸ್ಪ್ಯಾನಿಷ್‌ನಲ್ಲಿ, ನಿಲ್ದಾಣ ಎಲ್ಲಿದೆ ಎಂದು ಕೇಳುತ್ತಿದ್ದಳು. ಈಗಲೂ ಅದೇ ಕ್ರಮದಲ್ಲಿ ಕಾಣುತ್ತದೆ: ಮೊದಲು ಆ ಪ್ರಶ್ನೆ, ಆಮೇಲೆ ಕಿಟಕಿಯ ತುಂಬ ಹಸಿರು.

ಬೈಲಹೊಂಗಲದಲ್ಲಿ ಊಟ ಮುಗಿಸಿ ಹೊರಟಿದ್ದೆ. ರಾಮದುರ್ಗದ ಗೆಳತಿ ಶೈಲಾಳ ಮನೆಯಲ್ಲಿ ಎರಡು ದಿನ ಇರುವ ಯೋಚನೆ. ಹೆಂಗಸರಿಗೆ ಟಿಕೆಟ್ ಉಚಿತ. ಬಸ್ಸಿನ ತುಂಬ ನಾವೇ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎಂದಾದರೂ ಸ್ಪೇನ್ ನೋಡಬೇಕೆಂಬ ಆಸೆಯಿಂದ, ಇಂಗ್ಲಿಷಿನ ಮೂಲಕ ಫೋನಿನಲ್ಲಿ ದಿನಬಳಕೆಯ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಕಣ್ಣು ಅರೆಮುಚ್ಚಿದರೆ ಹೊರಗಿನ ಜೋಳದ ಹೊಲಗಳೇ ಆ ದೇಶವಾಗುತ್ತಿದ್ದವು. ಪಕ್ಕದಲ್ಲಿ, ಮಗಳ ಮನೆಗೆ ರೊಟ್ಟಿಗಂಟು ಕಟ್ಟಿಕೊಂಡು ಹೊರಟ ಗಂಗವ್ವ.

ಕಬ್ಬು ಬಸ್ಸಿನ ಮೇಲೆ ಸುರಿಯಿತು. ಸದ್ದಡಗಿದಾಗ ನನಗೆ ತರಚಿದ ಗಾಯವಷ್ಟೇ. ಗಂಗವ್ವನ ಕಾಲು ಬಾಗಿದ ಸೀಟಿನಡಿ ಸಿಕ್ಕಿತ್ತು. ನನ್ನ ದುಪಟ್ಟಾ ಬಿಗಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಹೊಲದವರು ಕುಡಗೋಲು ಹಿಡಿದು ಓಡಿ ಬಂದರು. ಒಬ್ಬ ಕೂಗಿದ: "ಅಕ್ಕಾರ, ಅಕಿಗೆ ಕಣ್ಣ ಮುಚ್ಚಗೊಡಬ್ಯಾಡ್ರಿ! ಮಾತಾಡಸ್ಕೋತ ಇರ್ರಿ!"

ನನ್ನ ಬಾಯಿಗೆ ಕನ್ನಡವೇ ಬರಲಿಲ್ಲ. ಬಂದದ್ದು, "ಕೊಮೊ ಎಸ್ತಾ?"

ಗಂಗವ್ವ ಕಣ್ಣು ತೆರೆದಳು. "ಬೈಯಾಕ ಹತ್ತೀಯೇನ?"

"ಇಲ್ಲವ್ವಾ, ಸ್ಪ್ಯಾನಿಷ್. ನಾ ಹೋಗಬೇಕಂತಿರೋ ದೇಶದ ಮಾತು. ಹೆಂಗದೀರಿ ಅಂತ."

"ಕಾಲು ಹೋಗಾಕ ಹತ್ತೇತಿ, ಇಕಿ ಹೆಂಗದೀರಿ ಅಂತಾಳ! ನೀರಿಗೇನಂತಾರ?"

"ಆಗುವಾ."

"ರೊಟ್ಟಿಗೆ?"

"ನಮ್ಮ ರೊಟ್ಟಿಯಂಥದ್ದು ಅವರಲ್ಲಿ ಇಲ್ಲ."

"ರೊಟ್ಟಿ ಇಲ್ಲದ ಊರಿಗೆ ಯಾಕ ಹೊಂಟಿ, ಖೋಡಿ? ಮಗಳಿಗೆ?"

"ಈಹಾ."

ಅವೇ ಪದಗಳನ್ನು ತಿರುಗಿಸಿ ತಿರುಗಿಸಿ ಕೇಳಿದೆ. ಅವಳ ಉತ್ತರಗಳು ಸಣ್ಣಗಾಗುತ್ತ ಹೋದವು. ಕಬ್ಬು ಸರಿಸಿ, ಸೀಟು ಕಿತ್ತು, ಆಂಬುಲೆನ್ಸಿಗೆ ಎತ್ತುವಾಗ ಮತ್ತೆ ಕೇಳಿದೆ: "ಗಂಗವ್ವಾ, ಮಗಳಿಗೇನಂತಾರ?" ಅವಳ ಕಣ್ಣು ಮುಚ್ಚಿತ್ತು. ಬಾಗಿಲೂ ಮುಚ್ಚಿತು.

ರಾಮದುರ್ಗದಲ್ಲಿ ಎರಡು ದಿನವೆಂದದ್ದು ಎರಡು ವಾರವಾಯಿತು. ಬಸ್ಸು ಹತ್ತುವ ಧೈರ್ಯವಿರಲಿಲ್ಲ. ಹಗಲು ಮಲಪ್ರಭೆಯ ದಂಡೆಯಲ್ಲಿ ಕೂತಿರುತ್ತಿದ್ದೆ; ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ನಿದ್ದೆ ಹತ್ತಿದರೆ ಹಸಿರು ವಾಲುತ್ತಿತ್ತು, ನಾನು ಅದೇ ಪ್ರಶ್ನೆ ಕೇಳುತ್ತಿದ್ದೆ, ಉತ್ತರಕ್ಕೆ ಮುನ್ನ ಎಚ್ಚರವಾಗುತ್ತಿತ್ತು. ಗಂಗವ್ವ ಏನಾದಳೆಂದು ವಿಚಾರಿಸಲು ಹೆದರಿಕೆ.

ವಿಚಾರಿಸಿದವಳು ಶೈಲಾ. "ಧಾರವಾಡಕ್ಕ ಒಯ್ದಿದ್ರಂತ. ಈಗ ಇಲ್ಲೇ ಮಗಳ ಮನ್ಯಾಗ ಅದಾಳ. ಏಳು, ನಡಿ."

ಗಂಗವ್ವ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಒರಗಿದ್ದಳು. ಹೊಸ್ತಿಲಲ್ಲಿ ನಿಂತ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು.

"ಬಂದ್ಯಾ, ಈಹಾ?"

ನಾನು ಹೊಸ್ತಿಲಲ್ಲೇ ಅಳತೊಡಗಿದೆ. ಅವಳ ಮಗಳು ನಕ್ಕಳು: "ನನಗೂ ಹಂಗ ಕರ್ಯಾಕ ಹತ್ಯಾಳ್ರಿ."

"ಅಳಬ್ಯಾಡ, ಕುಂದರು," ಎಂದಳು ಗಂಗವ್ವ. "ರೊಟ್ಟಿ ತಿನ್ನು. ಆ ಊರಾಗ ಸಿಗಂಗಿಲ್ಲ."

ಅದು ಸೋಮವಾರ. ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೊರಡುತ್ತೇನೆಂದು ಶೈಲಾಳಿಗೆ ಹೇಳಿ ಮಲಗಿದೆ. ಮಂಗಳವಾರ ಬೆಳಿಗ್ಗೆ ಶೈಲಾ ನನ್ನ ಭುಜ ಹಿಡಿದು ಅಲ್ಲಾಡಿಸಿದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು, ಬೈಲಹೊಂಗಲದ ಬಸ್ಸು ಹೋಗಿಬಿಟ್ಟಿತ್ತು.