ಸೊಪ್ಪಿನ ಮಡಿಯ ಕಡೆಯಿಂದ ಬಂದ ದನಿ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ವಾದ ಮಾಡುವ ಸ್ವಭಾವ ನನ್ನದಲ್ಲ, ಆದರೆ ನಂಬಿದವಳೂ ಅಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಕತ್ತಲೆಗೆ ಹೆದರಿದ ಹುಡುಗಿಯರ ಕೈ ಹಿಡಿದು ಕರೆದೊಯ್ದು ದೀಪದ ಸ್ವಿಚ್ ಒತ್ತಿ ತೋರಿಸುತ್ತಿದ್ದರು. ಎಲ್ಲದಕ್ಕೂ ಎಲ್ಲೋ ಒಂದು ಸ್ವಿಚ್ ಇದ್ದೇ ಇರುತ್ತದೆ ಎಂದುಕೊಂಡೇ ಬೆಳೆದೆ. ಈಗ ಬರೆಯುತ್ತಿರುವ ಸಂಗತಿಯದ್ದು ಮಾತ್ರ ಇವತ್ತಿಗೂ ಕೈಗೆ ಸಿಕ್ಕಿಲ್ಲ. ನಡೆದದ್ದು ಹಾಡಹಗಲಿನಲ್ಲಿ, ಒಂದು ಸರ್ಕಾರಿ ಶಾಲೆಯ ಹಿತ್ತಲಿನಲ್ಲಿ.

ನಮ್ಮ ಮನೆ ಚನ್ನಪಟ್ಟಣದಲ್ಲಿ. ನನ್ನ ನಾದಿನಿ ಸವಿತಾ ದೊಡ್ಡಮಳೂರಿನಿಂದ ಆಚೆಗಿರುವ ಒಂದು ಹಳ್ಳಿಯಲ್ಲಿ ಟೀಚರ್. ಕೆಲವು ವರ್ಷಗಳ ಹಿಂದೆ ರಾಮನಗರದ ಹತ್ತಿರ ಶಿಕ್ಷಕರಿಗೆಂದೇ ಎರಡು ವಾರದ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ನಡೆಯಿತು. ಬೇರೆ ಬೇರೆ ದೇಶದ ಟೀಚರುಗಳು, ನಮ್ಮ ಕಡೆಯ ಟೀಚರುಗಳು ಒಟ್ಟಿಗೆ ಕೂತು, ನೀರು, ಮಣ್ಣು, ಮರ ಇವನ್ನೆಲ್ಲ ಮುಂದಿನವರಿಗೂ ಉಳಿಯುವಂತೆ ಬಳಸುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ಕಲಿಯುತ್ತಿದ್ದರು. ಪಾಠವನ್ನು ಪುಸ್ತಕದಿಂದಲ್ಲ, ಊರಿನಿಂದಲೇ ಶುರು ಮಾಡಬೇಕು ಎನ್ನುವುದು ಅವರ ಪದ್ಧತಿ. ಸವಿತಾ ಸೇರಿದ್ದಳು. ಲಿಥುವೇನಿಯಾ ದೇಶದ ಲೈಮಾ ಎಂಬ ಟೀಚರ್ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದರು. ಐವತ್ತು ದಾಟಿದ ಹೆಂಗಸು, ಮಿತಭಾಷಿ. ತಿಂದ ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಪೆನ್ಸಿಲ್ಲನ್ನು ಬೆರಳಲ್ಲಿ ಹಿಡಿಯಲಾಗದಷ್ಟು ಮೊಂಡಾಗುವ ತನಕ ಬಿಡುತ್ತಿರಲಿಲ್ಲ.

ಎರಡನೇ ವಾರ ಸವಿತಾಳ ಶಾಲೆಯಲ್ಲಿ ಒಂದು ದಿನದ ಅಭ್ಯಾಸ. ಹಳ್ಳಿಯವರ ಮಾತನ್ನು ಇಂಗ್ಲಿಷಿಗೆ, ಇವರ ಮಾತನ್ನು ಕನ್ನಡಕ್ಕೆ ಮಾಡಲು ನನ್ನನ್ನು ಕರೆದರು. ಮನೆಯೊಳಗೇ ತುಕ್ಕು ಹಿಡಿಯುತ್ತಿದ್ದ ಇಂಗ್ಲಿಷಿಗೆ ಒಂದು ಕೆಲಸ ಸಿಕ್ಕಿತಲ್ಲ ಎಂದು ಖುಷಿಯಿಂದಲೇ ಹೋದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದೆ.

ಮಧ್ಯಾಹ್ನ ಊಟವಾದ ಮೇಲಿನ ಅಭ್ಯಾಸದ ಹೆಸರು ಶಬ್ದದ ನಕ್ಷೆ. ಎಲ್ಲರೂ ಒಂದೊಂದು ಹಾಳೆಯ ನಡುವೆ ತಾವು ಕೂತ ಜಾಗಕ್ಕೆ ಒಂದು ಗುರುತು ಹಾಕಬೇಕು. ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಯಾವ ಶಬ್ದ ಯಾವ ಕಡೆಯಿಂದ, ಎಷ್ಟು ದೂರದಿಂದ ಬಂತು ಎಂದು ಆಮೇಲೆ ಹಾಳೆಯ ಮೇಲೆ ಗುರುತಿಸಬೇಕು. ಅಷ್ಟೇ. ಶಾಲೆಯ ಹಿತ್ತಲಲ್ಲಿ ಸೊಪ್ಪಿನ ಮಡಿಗಳಿದ್ದವು. ದಂಟು, ಕೊತ್ತಂಬರಿ, ಮೆಂತ್ಯ. ಅದರ ಪಕ್ಕದ ನೆರಳಿನಲ್ಲಿ ಆರೇಳು ಜನ ಕೂತೆವು.

ಮಡಿಗೆ ನೀರು ಹಾಕುತ್ತಿದ್ದವರು ಚಿಕ್ಕತಾಯಮ್ಮ. ಮೊದಲು ಆ ಶಾಲೆಯ ಬಿಸಿಯೂಟದ ಅಡುಗೆಯವರು, ಈಗ ವಯಸ್ಸಾಗಿದೆ. ಕನ್ನಡಕದ ಒಂದು ಕಡ್ಡಿಗೆ ಬದಲು ದಾರ ಕಟ್ಟಿಕೊಂಡಿದ್ದರು. ನಮ್ಮನ್ನೆಲ್ಲ ನೋಡಿ ಬಿಂದಿಗೆ ಕೆಳಗಿಟ್ಟರು. “ಅಲ್ಲ ಕಣ್ ಸವಿತಮ್ಮ, ಕಣ್ ಮುಚ್ಕಂಡು ಕುಂತ್ಕಳಾಕೆ ಇವ್ರು ಇಮಾನ ಹತ್ಕಂಡು ಬರ್ಬೇಕಿತ್ತಾ? ಊಟ ಆದ್ಮೇಲೆ ನಮ್ಮೂರ್ ಗಂಡಸ್ರೆಲ್ಲ ಮಾಡೋದು ಅದನ್ನೇ!”

ಇದನ್ನು ಇಂಗ್ಲಿಷಿಗೆ ಮಾಡಿದಾಗ ಲೈಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿದೆವು. ನನಗೆ ಕೇಳಿಸಿದ್ದು ಗಿಣಿಗಳು, ದೂರದ ಮೋಟರು, ಯಾರದೋ ಮನೆಯಲ್ಲಿ ಗೊಂಬೆ ಕಡೆಯುವ ಲೇತಿನ ಗುಂಯ್ ಎನ್ನುವ ಸದ್ದು, ಬಿಂದಿಗೆಯಿಂದ ನೀರು ಬೀಳುವ ಸದ್ದು.

ಹತ್ತು ನಿಮಿಷವಾದ ಮೇಲೆ ಹಾಳೆಗಳನ್ನು ನೆಲದ ಮೇಲೆ ಹರಡಿದೆವು. ಹೆಚ್ಚು ಕಡಿಮೆ ಎಲ್ಲರದ್ದೂ ಒಂದೇ ತರ. ಲೈಮಾರ ಹಾಳೆಯಲ್ಲಿ ಮಾತ್ರ ನಡುಗುರುತಿಗೆ ತೀರ ಹತ್ತಿರ, ಮಡಿಗಳ ದಿಕ್ಕಿನಲ್ಲಿ, ಒಂದು ಅಲೆಯ ಗೆರೆ. “ಹಾಡುತ್ತಿದ್ದ ಹುಡುಗಿ ಯಾರು?” ಎಂದು ಕೇಳಿದರು. ಯಾರೂ ಹಾಡಿರಲಿಲ್ಲ. ಅವರ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ ನನಗೇ ಏನೂ ಕೇಳಿಸಿರಲಿಲ್ಲ. ಅವರಿಗೆ ಆಶ್ಚರ್ಯ. ನಾವು ತಮಾಷೆ ಮಾಡುತ್ತಿದ್ದೇವೆಂದುಕೊಂಡು, ಕೇಳಿದ ರಾಗವನ್ನು ಬಾಯಿ ಮುಚ್ಚಿಯೇ ಗುನುಗಿ ತೋರಿಸಿದರು. ಪದವಿಲ್ಲದ ಪುಟ್ಟ ರಾಗ. ಮೇಲೆ ಹೋಗಿ, ಇಳಿಯುವ ಮೊದಲೇ ತಟಕ್ಕನೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಚಿಕ್ಕತಾಯಮ್ಮ ಬಂದು ಲೈಮಾರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಸೆರಗು ನೆಂದು ನೀರು ತೊಟ್ಟಿಕ್ಕುತ್ತಿದ್ದುದು ಅವರ ಗಮನಕ್ಕೇ ಬಂದಿರಲಿಲ್ಲ. “ಇನ್ನೊಂದ್ಸಲ ಅನ್ನು ಅನ್ನವ್ವ” ಎಂದರು. ಲೈಮಾ ಮತ್ತೊಮ್ಮೆ ಗುನುಗಿದರು.

“ನಮ್ ಮಂಗಳಿದು ಕಣವ್ವ ಇದು. ಉಳಕ್ಕೆ ಸೊಪ್ಪಾಕುವಾಗ ಇಂಗೇ ಅನ್ಕಂತಿದ್ಲು. ಅರ್ಧಕ್ಕೇ ನಿಲ್ಸ್ಬುಡೋಳು. ಮಿಕ್ಕಿದ್ದ್ ಅನ್ನೇ ಅಂದ್ರೆ, ಅಷ್ಟೇ ಕಣವ್ವ ಇರೋದು, ನಾನೇ ಕಟ್ಟಿರೋದು ಅನ್ನೋಳು.”

ಮಂಗಳ ಚಿಕ್ಕತಾಯಮ್ಮನ ಹಿರಿಯ ಮಗಳು. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದ ಕಾಲ. ಹದಿನೇಳರ ಹುಡುಗಿ ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ವಾಪಸ್ಸು ಬರಲಿಲ್ಲ. ಬಸ್ಸು ಹತ್ತಿದ್ದನ್ನು ಕಂಡೆವು ಎಂದು ಒಬ್ಬಿಬ್ಬರು ಹೇಳಿದರಂತೆ. ಪೊಲೀಸರಿಗೂ ದೂರು ಕೊಟ್ಟರು, ಕೆಂಗಲ್ ಆಂಜನೇಯನಿಗೂ ಹರಕೆ ಹೊತ್ತರು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಇಷ್ಟನ್ನೂ ಚಿಕ್ಕತಾಯಮ್ಮ ಒಂದೇ ಉಸಿರಿನಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ಮಾಡುತ್ತಾ ಹೋದೆ. ಆಮೇಲೆ ನನ್ನ ಕೈ ಹಿಡಿದುಕೊಂಡರು. “ಒಸಿ ಕೇಳವ್ವ ಅವ್ರನ್ನ. ದನಿ ಎಲ್ಲಿಂದ ಬಂತಂತೆ? ರಸ್ತೆ ತಾವಿಂದ್ಲಾ, ಇಲ್ಲಿಂದ್ಲಾ? ಮ್ಯಾಗಿಂದ್ಲಾ, ಕೆಳಗಿಂದ್ಲಾ?”

ಕೆಳಗಿನಿಂದ ಎಂದು ಯಾಕೆ ಕೇಳುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಹಾಗೇ ಕೇಳಿದೆ. ಲೈಮಾ ಸ್ವಲ್ಪ ಯೋಚಿಸಿ, ತಗ್ಗಿದ ದನಿಯಲ್ಲಿ, ಕೆಳಗಿನಿಂದಲೇ ಎಂದರು. ನೆಲಮಾಳಿಗೆಯಲ್ಲಿ ಕೂತು ಯಾರೋ ಹಾಡಿದ ಹಾಗಿತ್ತಂತೆ. ಪಕ್ಕದಲ್ಲಿದ್ದ ಸವಿತಾ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. “ಅತ್ತಿಗೆ, ಅದನ್ನ ಹೇಳ್ಬೇಡಿ. ಈ ಮಡಿ ಇರೋದು ಹಳೇ ಬಾವಿ ಮೇಲೆ. ಮಂಗಳ ಕಾಣೆಯಾದ ವರ್ಷವೇ ಮಣ್ಣು ತುಂಬಿ ಮುಚ್ಚಿದ್ದು.”

ಮುದುಕಿ ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ಕೈಯಲ್ಲಿ ಮೆಂತ್ಯದ ವಾಸನೆಯಿತ್ತು. ಕೇಳಿದ್ದನ್ನು ಕೇಳಿದ ಹಾಗೆ ಹೇಳುವುದಷ್ಟೇ ನನ್ನ ಕೆಲಸ. ನನ್ನ ಬಾಯಿಂದ ಬಂದದ್ದು ಮಾತ್ರ, “ರಸ್ತೆ ಕಡೆಯಿಂದ ಅಂತೆ ಅಜ್ಜಿ. ತುಂಬ ದೂರದಿಂದ.”

ಅವರ ಮುಖ ಅರಳಿದ್ದನ್ನು ಹೇಗೆ ಬರೆಯಲಿ? “ಅಂಗಾರೆ ಬದ್ಕವ್ಳೆ” ಎಂದರು. ಎದ್ದು, ಮಿಕ್ಕ ಮಡಿಗೂ ನೀರು ಹಾಕಿ, ಬಿಂದಿಗೆ ಬೋರಲು ಹಾಕಿ ಹೋದರು.

ನಾನೇನು ಹೇಳಿದೆ ಎಂದು ಲೈಮಾ ಕೇಳಿದ್ದು ಮನೆಗೆ ಬರುವ ದಾರಿಯಲ್ಲಿ. ನಿಜವನ್ನೇ ಹೇಳಿದೆ. ಬಾವಿಯ ಸಂಗತಿ ಅಲ್ಲಿಯ ತನಕ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದಕ್ಕೆ ದಾರಿಯೂ ಇರಲಿಲ್ಲ. ಕಿಟಕಿಯ ಕಡೆ ತಿರುಗಿ ಆ ರಾಗವನ್ನು ಮತ್ತೆ ಗುನುಗಲು ಪ್ರಯತ್ನಿಸಿದರು, ಬರಲಿಲ್ಲ. ತಮ್ಮ ದೇಶಕ್ಕೆ ಹೋದ ಮೇಲೂ ಬರೆದರು, ಎಷ್ಟು ನೆನೆದರೂ ಆ ರಾಗ ಬಾಯಿಗೆ ಬರುತ್ತಿಲ್ಲವೆಂದು.

ಎರಡು ತಿಂಗಳ ಮೇಲೆ ಚಿಕ್ಕತಾಯಮ್ಮನ ಕಿರಿಯ ಮಗಳು ಶೋಭಾ, ಸವಿತಾಳಿಂದ ನಂಬರ್ ಪಡೆದು ನನಗೆ ಫೋನ್ ಮಾಡಿದಳು. ತಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವವಳು ಅವಳೇ. “ಅಕ್ಕ, ಅವ್ವ ದಿನಾ ನಾಕ್ ಗಂಟೆ ಬಸ್ಸಿಗೆ ಹೋಗಿ ಸ್ಟಾಪಲ್ ಕೂತ್ಕೊಳ್ತದೆ. ಕಣ್ಣಿಗೆ ಪೊರೆ ಬಂದೈತೆ, ಇನ್ನೂ ತಡ ಮಾಡಿದ್ರೆ ಕಷ್ಟ ಅಂತ ಡಾಕ್ಟ್ರು ಅಂದವ್ರೆ. ಆಪರೇಸನ್ಗೆ ಬರಲ್ಲ ಅಂತದೆ. ನಿಮ್ ಮಾತಾದ್ರೆ ಕೇಳ್ತದೆ.”

ಹೋದೆ. ಈ ಸಲ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸ್ಟಾಪಿನ ಕಟ್ಟೆಯ ಮೇಲೆ ಅವರು ತಲೆ ಬಾಚಿ, ಹೂ ಮುಡಿದು ಕೂತಿದ್ದರು. ಆಪರೇಷನ್ ಮಾತೆತ್ತಿದ್ದೇ ತಡ, “ಒಂದ್ವಾರ ದೂಳ್ಗೆ ಬರ್ಬ್ಯಾಡ ಅಂತಾರೆ ಕಣವ್ವ. ಆ ವಾರ್ದಲ್ಲೇ ಬಂದ್ಬುಟ್ರೆ? ಯಾರೂ ಇಲ್ಲ ಅಂತ ಅದೇ ಬಸ್ಸಲ್ ವಾಪಸ್ ಹೊಂಟೋದ್ರೆ?” ಎಂದರು.

ನಿಜ ಎಂದು ನಾನು ಹೇಳಬೇಕೆಂದಿದ್ದಾದರೂ ಏನು? ಒಬ್ಬ ಪರದೇಶದ ಹೆಂಗಸಿಗೆ ಮಾತ್ರ ಕೇಳಿಸಿದ ಹಾಡು. ಅದನ್ನು ನಂಬಿ ಬಾವಿ ಅಗೆಯುವವರು ಯಾರು? ಅಗೆದರೆ ಏನು ಸಿಗಬೇಕೆಂದು ಬೇಡಿಕೊಳ್ಳುವುದು? ಸವಿತಾ ಆಮೇಲೆ ಇನ್ನೊಂದು ಸಂಗತಿ ಹೇಳಿದ್ದಳು. ಬಾವಿ ಮುಚ್ಚಿದ ಜಾಗದಲ್ಲಿ ಸೊಪ್ಪು ಹಾಕೋಣ ಎಂದು ಶಾಲೆಯವರನ್ನು ಕಾಡಿ ಕೇಳಿದ್ದು ಚಿಕ್ಕತಾಯಮ್ಮನೇ ಅಂತೆ. ಹಾಗಾದರೆ ಅಷ್ಟು ವರ್ಷ ಅವರ ಮನಸ್ಸಿನಲ್ಲಿ ಏನಿತ್ತು? ನನ್ನ ಒಂದು ಸುಳ್ಳು ಅದರಲ್ಲಿ ಯಾವುದನ್ನು ಮುಚ್ಚಿತು, ಯಾವುದನ್ನು ತೆಗೆಯಿತು?

“ಆ ವಾರ ನಾನು ಬಂದು ಕೂರ್ತೀನಿ ಅಜ್ಜಿ” ಎಂದೆ.

ರಾಮನಗರದಲ್ಲಿ ಆಪರೇಷನ್ ಆಯಿತು. ನಾನು ಏಳು ದಿನವೂ ಆ ಕಟ್ಟೆಯ ಮೇಲೆ ಕೂತೆ. ಚಿಕ್ಕತಾಯಮ್ಮ ಮಗಳ ಗುರುತು ಹೇಳಿ ಕಳಿಸಿದ್ದರು. ಎಡಗೈ ಮಣಿಕಟ್ಟಿನ ಮೇಲೆ ಸುಟ್ಟ ಕಲೆ, ನಡೆಯುವಾಗ ತಲೆ ಒಂದು ಕಡೆಗೆ ವಾಲುತ್ತದೆ. ಮೊದಲ ದಿನ ಸುಮ್ಮನೆ ಕೂತು ಬಂದೆ. ಮೂರನೆಯ ದಿನದ ಹೊತ್ತಿಗೆ ಬಸ್ಸಿನಿಂದ ಇಳಿಯುವ ಪ್ರತಿ ಹೆಂಗಸಿನ ಎಡಗೈಯನ್ನೂ ನೋಡುತ್ತಿದ್ದೆ. ಬಸ್ಸು ದೂಳೆಬ್ಬಿಸಿ ಹೋದ ಮೇಲೆ ಶೋಭಾಳ ಮನೆಗೆ ಹೋಗುತ್ತಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಮುದುಕಿ ನನ್ನ ಹೆಜ್ಜೆಯ ಸದ್ದಿಗೇ ಮುಖ ಎತ್ತುತ್ತಿದ್ದರು.

“ಬಂದ್ಲಾ?”

“ಇವತ್ತು ಬರಲಿಲ್ಲ, ಅಜ್ಜಿ.”