ಹೆಗಲು ಸಿಗದ ಶಲ್ಯ

ನಮ್ಮ ಕಡೆ ಮದುವೆ, ವಾಸ್ತುಶಾಂತಿ ಏನೇ ಇರಲಿ, ಬಂದ ಗಂಡಸರಿಗೆ ಟೋಪಿ, ಶಲ್ಯ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕು. ಮಾಡಿಸಿಕೊಂಡವನು ಆ ಶಲ್ಯವನ್ನು ಹೊದೆಯುವುದಿಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬನ ಹೆಗಲಿಗೆ ಹಾಕುತ್ತಾನೆ. ನೀರು ಕಾಣದ ಕೋರಾ ಬಟ್ಟೆಯಾಗಿರುವ ತನಕ ಅದು ಹೀಗೇ ಮನೆಮನೆ ತಿರುಗುತ್ತದೆ. ಅಂಗಡಿಯ ಶಲ್ಯ ತಿರುಗಿದರೆ ತಿರುಗಲಿ, ನನಗೇನು?

ನಾನು ನೇಯುವುದು ಬಳಸಲಿಕ್ಕೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಈಗ ಮೇಲೇಳಲು ಮೊಮ್ಮಗಳು ಕೈ ಕೊಡಬೇಕು. ಆದರೂ ಚಿಕ್ಕೋಡಿಯಿಂದ ನೂಲು ತರಿಸಿ, ಗಂಜಿ ಹಾಕಿ, ತಮ್ಮನಿಗೆಂದು ಒಂದು ಶಲ್ಯ ನೇಯ್ದೆ. ಅವನದು ಏಕಸಂಬಿಯಲ್ಲಿ ಕಬ್ಬಿನ ಹೊಲ. ಬಿಸಿಲಿಗೆ ತಲೆಗೆ ಸುತ್ತಿಕೊಳ್ಳಲಿ, ಬೆವರು ಒರೆಸಿಕೊಳ್ಳಲಿ ಎಂದು ಕೊಟ್ಟೆ. ನಮ್ಮ ಮನೆಯವರು ಸತ್ತ ಮೇಲೆ ನನ್ನ ಬಟ್ಟೆಯನ್ನು ಹರಿಯುವ ತನಕ ಹೊದೆಯುವವರು ಯಾರೂ ಇಲ್ಲ. ಇವನಾದರೂ ಹೊದೆಯಲಿ ಎಂಬುದೊಂದೇ ನನ್ನ ಆಸೆ.

ಮೊನ್ನೆ ಮಾಘದಲ್ಲಿ ಮಗ ರಾಯಬಾಗಕ್ಕೆ, ಬೀಗರ ವಾಸ್ತುಶಾಂತಿಗೆ ಹೋಗಿ ಆಯೇರಿ ಹಿಡಿದುಕೊಂಡು ಬಂದ. ಶಲ್ಯ ಕೈಗೆ ತಾಗಿದ ಕೂಡಲೇ ಗೊತ್ತಾಯಿತು. ನನ್ನ ಮಗ್ಗದ ಹಣಿಗೆಯಲ್ಲಿ ಒಂದು ಹಲ್ಲು ಮುರಿದಿದೆ. ಅದರಿಂದ ನಾನು ನೇಯ್ದ ಬಟ್ಟೆಯ ಅಂಚಿನ ಹತ್ತಿರ ಬೈತಲೆಯಂಥ ಗೆರೆ ಬೀಳುತ್ತದೆ. ಇದರಲ್ಲೂ ಅದೇ ಗೆರೆ. ಹಲ್ಲು ಮುರಿದ ಮೇಲೆ ನಾನು ನೇಯ್ದ ಶಲ್ಯ ಒಂದೇ. ತಮ್ಮನಿಗೆ ಕೊಟ್ಟ ಶಲ್ಯವೇ ತಿರುಗಿ ನನ್ನ ಮನೆಗೆ ಬಂದಿತ್ತು.

ಮರುದಿನವೇ ಬಸ್ಸು ಹತ್ತಿದೆ. ತಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಹೆಗಲ ಮೇಲೆ ಅಂಗಡಿಯ ಟವಲ್ಲು.

"ಲೇ, ಇದನ್ನ ಯಾರಿಗಿ ಕೊಟ್ಟಿದ್ದಿ?"

ಅವನು ನೋಡಿ ನಕ್ಕ. "ಅಯ್ಯ ಯಕ್ಕಾ, ತಿರಗಿ ನಿನ್ನ ಕಡೇನ ಬಂತೇನ? ನನ್ನ ಹೇಂತಿ ಅಣ್ಣನ ಮಗನ ಲಗ್ನದಾಗ ಆಯೇರಿ ಮಾಡಿದ್ನಿ. ಮಂದಿ ಎಷ್ಟ ಹೊಗಳಿದ್ರ ಗೊತ್ತೈತೇನ?"

"ಮಂದಿ ಹೊಗಳ್ಲಿ ಅಂತ ನೇಯ್ದಿಲ್ಲ. ನಿನಗ ಬೆವರ ಒರಸ್ಕೊಳ್ಳಾಕ ನೇಯ್ದಿದ್ನಿ."

"ಇಷ್ಟ ಛಲೋ ಅರಿವಿಗಿ ಬೆವರ ಹಚ್ಚಲೇನ? ವಯಸ್ಸಾತ ಯಕ್ಕಾ ನಿನಗ, ಅಕಲ್ ಹೋಗೇತಿ."

ಎಮ್ಮೆಗೆ ಇಟ್ಟ ನೀರಿನ ಬಕೆಟ್ಟು ಅಲ್ಲೇ ಇತ್ತು. ಶಲ್ಯವನ್ನು ಅದರಲ್ಲಿ ಅದ್ದಿ, ಹಿಂಡಿ, ಅವನ ಹೆಗಲ ಮೇಲೆ ಬಿಸಾಕಿದೆ.

"ಈಗ ಕೋರಾ ಉಳೀಲಿಲ್ಲ. ಯಾರಿಗಿ ಆಯೇರಿ ಮಾಡ್ತಿ ಮಾಡ, ನೋಡ್ತೀನಿ."

ಅವನ ಹೆಂಡತಿ ಒಳಗಿನಿಂದ ಓಡಿ ಬಂದಳು. "ಅಯ್ಯ ಅಕ್ಕಾರ, ಹೊಸಾದು ಹಾಳ ಮಾಡಿದ್ರಲ್ಲರಿ!"

"ಹಾಳಾಗ್ಲಿ. ಇನ್ನ ಹೊದಕೋತಾನ."

ತಮ್ಮ ಗೊಣಗುತ್ತ ಆ ಒದ್ದೆ ಶಲ್ಯ ಹೊದ್ದೇ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. ಗೆದ್ದೆ ಎಂದುಕೊಂಡೆ.

ಯುಗಾದಿಗೆ ಹೋದಾಗ ಅವನ ಹೆಗಲ ಮೇಲೆ ಮತ್ತೆ ಅಂಗಡಿಯ ಟವಲ್ಲು. ನನ್ನ ಶಲ್ಯ ಅಡುಗೆಮನೆಯಲ್ಲಿತ್ತು. ಅವನ ಹೆಂಡತಿ ಅದನ್ನು ಕತ್ತರಿಸಿ ಮಿಕ್ಸರಿಗೆ ಗವಸು ಹೊಲಿದಿದ್ದಳು.

"ನೋಡ್ರಿ ಅಕ್ಕಾರ, ಇನ್ನ ಎಷ್ಟ ವರ್ಷಾದ್ರೂ ಹರಿಯಂಗಿಲ್ಲ," ಎಂದಳು.

ಗವಸು ತಿರುಗಿಸಿ ನೋಡಿದೆ. ಹೊಲಿಗೆ ನೆಟ್ಟಗಿತ್ತು. ಬಯ್ಯಲು ಅದರಲ್ಲಿ ಏನೂ ಸಿಗಲಿಲ್ಲ.