ಬಾಕಿಯವರು ಬರಲಿ

"ಜನ ಉಂಟು!"

ಪಾಣೆಮಂಗಳೂರು ಸೇತುವೆಯ ಮೇಲೆ ಒಬ್ಬನೇ ಸೈಕಲ್ ತುಳಿಯುತ್ತಿದ್ದ ನಾನು ಹಳೆಯ ಅಭ್ಯಾಸದಿಂದ ಕೂಗಿದೆ. ಮುಂದೆ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಹೆಂಗಸು ಬದಿಗೆ ಸರಿದು ನಿಂತರು. ನಾನು ದಾಟಿದ ಮೇಲೂ ಅವರು ಕದಲಲಿಲ್ಲ.

"ಹೋಗಿ ಅಮ್ಮಾ, ದಾರಿ ಉಂಟಲ್ಲ," ಎಂದೆ.

"ಬಾಕಿಯವರು ಬರಲಿ ಮಾರಾಯ್ರೆ. ನೀವು ಯಾವಾಗಲೂ ಸಾಲಿನಲ್ಲಿ ಬರುವವರಲ್ವಾ?"

ತೊಂಬತ್ತರ ದಶಕದಲ್ಲಿ ನಾವು ಗೆಳೆಯರು ಇದೇ ಸೇತುವೆ ದಾಟಿ ಮಡಂತ್ಯಾರಿಗೆ ಸಾಲಾಗಿ ಸೈಕಲ್ ಸವಾರಿ ಹೋಗುವಾಗ, ನಡೆಯುವವರು ಕಂಡರೆ ಮುಂದಿನವನು ಹಾಗೆ ಕೂಗುತ್ತಿದ್ದ. ಹಿಂದಿನವರು ಒಬ್ಬೊಬ್ಬರಾಗಿ ಅದನ್ನೇ ಕೂಗಿ ಕೊನೆಯವನಿಗೆ ಮುಟ್ಟಿಸುತ್ತಿದ್ದರು. ಈಗ ಅವರೆಲ್ಲ ಗಲ್ಫಿನಲ್ಲಿದ್ದಾರೆ. ಆ ಹೆಂಗಸು ಖಾಲಿ ಸೇತುವೆಯತ್ತ ತಿರುಗಿ ನೋಡಿದರು. ನಾನೂ ನೋಡಿದೆ.

ಈಗಲೂ ನಡೆಯುವವರು ಕಂಡರೆ ಕೂಗುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಪೆಡಲ್ ತುಳಿಯದೆ ಹಿಂದಕ್ಕೆ ಕಿವಿಗೊಡುತ್ತೇನೆ.